'ಗಣರಾಜ್ಯ' ಅನ್ನೋ ಪದ ಒಂಬತ್ತನೇ ತರಗತಿಗೆ ಹೆಂಗ ಹೇಳೋದು? ಪ್ರಜಾಪ್ರಭುತ್ವ ಅಂದ್ರೂ ಅದೇ ಅಲ್ಲೇನ್ರಿ?

ಜಮಖಂಡಿ_ಸಮಾಜವಿಜ್ಞಾನ ಕೇಳಿದ್ದು:

ನವೆಂಬರ್ 26ರ ಸಂವಿಧಾನ ದಿನಕ್ಕ ಎರಡು ಪಿರಿಯಡ್ ಸಿಕ್ಕಾವ, ಒಂದೊಂದು 40 ನಿಮಿಷ. 52 ಮಕ್ಕಳು. ಪ್ರಸ್ತಾವನೆ ಒಮ್ಮೆ ಜೋರಾಗಿ ಓದಿಸಿ, ಚಾಕಲೇಟ್ ಕೊಟ್ಟು ಕಳಸೋದು ಬ್ಯಾಡ ಅಂತ ವಿಚಾರ. ಅದರ ಹಿಂದಿನ ರಾಜಕೀಯ ವಿಚಾರ ಏನಿತ್ತು ಅಂತ ಮಕ್ಕಳಿಗೆ ತಿಳೀಬೇಕು. ಆದ್ರ ಈ ಕೆಳಗಿನ ಕಡೆ ನನಗೇ ಪಾಠ ನಿಲ್ಲವಲ್ದು.

ಒಂದು, 'ಪ್ರಜಾಸತ್ತಾತ್ಮಕ ಗಣರಾಜ್ಯ' ಅಂತ ಎರಡೂ ಪದ ಯಾಕ ಬೇಕಿತ್ತು? ಒಂದರೊಳಗ ಇನ್ನೊಂದು ಇಲ್ಲೇನು? 'ಭಾರತ ಡೆಮಾಕ್ರಸಿ ಅಲ್ಲ, ರಿಪಬ್ಲಿಕ್' ಅಂತ ವಾಟ್ಸಾಪ್‌ನಾಗ ಒಂದು ಮೆಸೇಜ್ ಬೇರೆ ಓಡಾಡಾಕತ್ತೈತಿ. ಎರಡು, 'ಇಂಗ್ಲೆಂಡಿನಿಂದ ಇದು, ಐರ್ಲೆಂಡಿನಿಂದ ಅದು' ಅನ್ನೋ ಎರವಲು ಪಟ್ಟಿ. ಅದನ್ನ ಬಾಯಿಪಾಠ ಮಾಡಿದ ಮಗು 'ಹಂಗಾರ ನಮ್ದು ಏನೈತ್ರಿ ಇದರಾಗ' ಅಂತ ಕೇಳಿದ್ರ ಏನು ಹೇಳಬೇಕು? ಮೂರು, ಅನುಭವ ಮಂಟಪವೇ ಮೊದಲ ಸಂಸತ್ತು ಅಂತ ಭಾಷಣದಾಗ ಹೇಳ್ತಾರ, ಕೂಡಲಸಂಗಮ ನಮ್ಮ ಜಿಲ್ಲಾದಾಗೇ ಐತಿ. ಅದನ್ನ ಪಾಠಕ್ಕ ಎಷ್ಟರ ಮಟ್ಟಿಗೆ ತರಬಹುದು?

ಉದಾಹರಣೆ ನಮ್ಮ ಸೀಮೀವು ಇದ್ರ ಭಾಳ ಛಲೋ.

---

ಗುಮ್ಮಟದ_ನೆರಳು, ವಿಜಯಪುರ:

ಮೊದಲು ವಾಟ್ಸಾಪ್ ಮೆಸೇಜಿನ ಗಂಟು ಬಿಚ್ಚೋಣ. ಅದು ಅಮೆರಿಕದಿಂದ ಬಂದ ವಾದ. 1787ರಲ್ಲಿ ಮ್ಯಾಡಿಸನ್ 'ರಿಪಬ್ಲಿಕ್' ಪದವನ್ನು ಒಂದು ನಿರ್ದಿಷ್ಟ ಅರ್ಥದಲ್ಲಿ ಬಳಸಿದ: ಜನರೆಲ್ಲ ಒಂದೇ ಬಯಲಲ್ಲಿ ಸೇರಿ ತಾವೇ ಕಾನೂನು ಮಾಡಿದರೆ ಅದು ಡೆಮಾಕ್ರಸಿ, ಪ್ರತಿನಿಧಿಗಳನ್ನು ಆರಿಸಿ ಅವರ ಕೈಲಿ ಮಾಡಿಸಿದರೆ ರಿಪಬ್ಲಿಕ್. ನಮ್ಮ ಸಂವಿಧಾನ ಸಭೆಯ ಮುಂದೆ ಇದ್ದ ಪ್ರಶ್ನೆಯೇ ಬೇರೆ. ಇಲ್ಲಿ ಗಣರಾಜ್ಯದ ಎದುರು ನಿಂತದ್ದು ನೇರ ಪ್ರಜಾಪ್ರಭುತ್ವ ಅಲ್ಲ, ಅರಸೊತ್ತಿಗೆ. ಎರಡು ದೇಶಗಳ ಎರಡು ಜಗಳಗಳನ್ನು ಬೆರೆಸಿದ್ದರಿಂದ ಆ ಮೆಸೇಜ್ ಹುಟ್ಟಿದೆ.

ಮಕ್ಕಳಿಗೆ ಮೂರು ಪದ, ಮೂರು ಪ್ರಶ್ನೆ ಎಂದು ಹೇಳಿ. 'ಸಾರ್ವಭೌಮ': ನಮ್ಮ ಮೇಲೆ ಹೊರಗಿನವರು ಯಾರಾದರೂ ಇದ್ದಾರೆಯೇ? 'ಪ್ರಜಾಸತ್ತಾತ್ಮಕ': ಆಳುವವರನ್ನು ಯಾರು ಆರಿಸುತ್ತಾರೆ? 'ಗಣರಾಜ್ಯ': ಅತಿ ಎತ್ತರದ ಕುರ್ಚಿ ಯಾರದಾದರೂ ಮನೆತನದ ಆಸ್ತಿಯೇ? ಉತ್ತರಗಳು ಒಂದಕ್ಕೊಂದು ಅಂಟಿಕೊಂಡೇ ಇರಬೇಕೆಂದಿಲ್ಲ. ಬ್ರಿಟನ್, ಜಪಾನ್ ಎರಡರಲ್ಲೂ ಚುನಾವಣೆ ಇದೆ, ಆದರೆ ಅವು ಗಣರಾಜ್ಯಗಳಲ್ಲ. ಮೇಲಿನ ಕುರ್ಚಿ ವಂಶದ್ದು. ಇತ್ತ ಹೆಸರಿನಲ್ಲಿ ಗಣರಾಜ್ಯ ಎಂದಿದ್ದು, ಎದುರಾಳಿ ಪಕ್ಷಕ್ಕೇ ಜಾಗ ಇಲ್ಲದ ದೇಶಗಳೂ ಇವೆ. ಹಾಗಾಗಿ ಎರಡೂ ಪದ ಬೇಕು.

ಇದಕ್ಕೆ ದೂರದ ಉದಾಹರಣೆಯೂ ಬೇಡ, ನಮ್ಮ ದೇಶದ ಎರಡೂವರೆ ವರ್ಷ ಸಾಕು. 1947ರ ಆಗಸ್ಟ್ 15ರಿಂದ 1950ರ ಜನವರಿ 25ರವರೆಗೆ ಭಾರತ ಸ್ವತಂತ್ರ, ಆದರೆ ಗಣರಾಜ್ಯ ಅಲ್ಲ. ಡೊಮಿನಿಯನ್. ಆರನೇ ಜಾರ್ಜ್ ನಮಗೂ ರಾಜ. ಅವನ ಹೆಸರಿನಲ್ಲಿ ಗವರ್ನರ್ ಜನರಲ್: 1948ರ ಜೂನ್ 21ರವರೆಗೆ ಮೌಂಟ್‌ಬ್ಯಾಟನ್, ಆಮೇಲೆ ರಾಜಾಜಿ. ಕೋರ್ಟಿನ ಕೊನೆಯ ಮೇಲ್ಮನವಿ 1949ರ ಅಕ್ಟೋಬರ್‌ವರೆಗೂ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೇ ಹೋಗುತ್ತಿತ್ತು. ಸ್ವಾತಂತ್ರ್ಯ ದಿನ ಬೇರೆ, ಗಣರಾಜ್ಯ ದಿನ ಬೇರೆ ಯಾಕೆ ಎಂಬುದಕ್ಕೆ ಇದೇ ಉತ್ತರ. ಮಕ್ಕಳು ಇದನ್ನು ಚೆನ್ನಾಗಿ ಹಿಡಿಯುತ್ತಾರೆ.

ಇನ್ನೊಂದು ಸೂಕ್ಷ್ಮ. 1946ರ ಡಿಸೆಂಬರ್ 13ರಂದು ನೆಹರೂ ಮಂಡಿಸಿದ, 1947ರ ಜನವರಿ 22ರಂದು ಅಂಗೀಕಾರವಾದ ಧ್ಯೇಯಗಳ ನಿರ್ಣಯದಲ್ಲಿ 'ಸ್ವತಂತ್ರ ಸಾರ್ವಭೌಮ ಗಣರಾಜ್ಯ' ಎಂದಷ್ಟೇ ಇದೆ, 'ಪ್ರಜಾಸತ್ತಾತ್ಮಕ' ಇಲ್ಲ. ಆ ಅರ್ಥ ಗಣರಾಜ್ಯದೊಳಗೇ ಸೇರಿದೆ ಎಂಬುದು ನೆಹರೂ ವಾದ. ನಿಮ್ಮ ಸಂಶಯವೂ ಅದೇ ಅಲ್ಲವೇ, ಟೀಚರ್? ಆದರೆ 1948ರ ಫೆಬ್ರವರಿಯ ಕರಡಿನಲ್ಲಿ ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಆ ಪದವನ್ನು ಸೇರಿಸಿತು. ಅದರ ಜೊತೆಗೆ ನಿರ್ಣಯದಲ್ಲಿ ಇಲ್ಲದಿದ್ದ 'ಭ್ರಾತೃತ್ವ'ವನ್ನೂ ತಂದಿತು. ನನ್ನ ಲೆಕ್ಕದಲ್ಲಿ ಪ್ರಸ್ತಾವನೆಯ ಅತಿ ತೂಕದ ಸೇರ್ಪಡೆ ಅದು. ಕೋರ್ಟಿಗೆ ಹೋಗಿ ಸ್ವಾತಂತ್ರ್ಯ ಕೇಳಬಹುದು, ಸಮಾನತೆ ಕೇಳಬಹುದು. ಭ್ರಾತೃತ್ವವನ್ನು ಯಾವ ಕೋರ್ಟೂ ಡಿಕ್ರಿ ಮಾಡಿ ಕೊಡಲಾರದು.

ಒಂದು ಕನ್ನಡದ ತೊಡಕು. 'ಪ್ರಜೆ' ಎಂದರೆ ಹಳೆಯ ರೂಢಿಯಲ್ಲಿ ಅರಸನಿಗೆ ಎದುರು ಪದ: ಅರಸ ಇದ್ದರೆ ಪ್ರಜೆ. ಅರಸನೇ ಇಲ್ಲದ ಕಡೆ ನಾವು ನಾಗರಿಕರು. ಆದರೂ 'ಪ್ರಜಾಪ್ರಭುತ್ವ' ಎಂಬ ಪದದೊಳಗೆ ಪ್ರಜೆಯೂ ಪ್ರಭುವೂ ಒಟ್ಟಿಗೆ ಕೂತಿದ್ದಾರೆ. ಬೋರ್ಡಿನ ಮೇಲೆ ಆ ಪದವನ್ನು ಒಡೆದು ಬರೆದು, 'ಇದರಲ್ಲಿ ಪ್ರಭು ಯಾರು, ಪ್ರಜೆ ಯಾರು?' ಎಂದು ಕೇಳಿ ಐದು ನಿಮಿಷ ಸುಮ್ಮನಿರಿ. ಹಾಗೆಯೇ 'ಗಣ' ಎಂದ ಕೂಡಲೇ ನಾಲ್ಕು ಮಕ್ಕಳಾದರೂ ಗಣಪತಿ ಎನ್ನುತ್ತಾರೆ. ಬೈಯಬೇಡಿ. ಗಣ ಎಂದರೆ ಗುಂಪು, ಗುಂಪಿನ ಒಡೆಯ ಗಣಪತಿ. ಒಡೆಯನಿಲ್ಲದೆ ಗುಂಪೇ ಆಳಿಕೊಂಡರೆ ಗಣರಾಜ್ಯ.

---

ಘಟಪ್ರಭಾ_ಬಲದಂಡೆ:

ಗುಮ್ಮಟದವ್ರು ಹೇಳಿದ್ದು ಖರೆ. ಆದ್ರ 'ಮ್ಯಾಲಿನ ಕುರ್ಚಿ' ಅಂತ ದಿಲ್ಲಿ ಒಂದನ್ನ ತೋರಿಸಿದ್ರ ಹುಡುಗರಿಗೆ ತಟ್ಟಂಗಿಲ್ಲ. ರಾಷ್ಟ್ರಪತಿ ಆರಿಸಿ ಬಂದ್ರೇನು, ಲಂಡನ್ ರಾಜ ಹೋದ್ರೇನು? ನಮ್ಮ ಸೀಮೀ ಒಳಗ ಗಣರಾಜ್ಯ ಅನ್ನೋದು ಚಾವಡಿಗೆ ಬಂದಿದ್ದು. ವತನ ಹೇಳಿಕೊಡ್ರಿ.

ಗೌಡಕಿ, ಕುಲಕರ್ಣಿಕಿ, ದೇಸಗತಿ. ಇವೆಲ್ಲಾ ವತನ. ಅಪ್ಪ ಗೌಡ, ಮಗ ಗೌಡ. ಕಂದಾಯ ವಸೂಲಿ, ಊರ ಲೆಕ್ಕ, ತಂಟೆ-ತಕರಾರು ಎಲ್ಲಾ ಅವರ ಕೈಯಾಗ, ಅದಕ್ಕ ಇನಾಮು ಭೂಮಿ. ಸರ್ಕಾರಿ ಅಧಿಕಾರ ಅನ್ನೋದು ಹೊಲದಂಗ ಪಾಲಾಗಿ ಮಕ್ಕಳಿಗೆ ಬರ್ತಿತ್ತು. ಕೆಳಗಿನ ತಳವಾರಕಿ, ವಾಲೀಕಾರಕಿನೂ (ಊರ ಕಾವಲು, ಓಲೆ ಮುಟ್ಟಿಸೋ ಕೆಲಸ) ವತನಾನ. ಆದ್ರ ಅಲ್ಲಿ ಬಂದಿದ್ದು ಅಧಿಕಾರ ಅಲ್ಲ, ಬಿಟ್ಟಿ ಚಾಕರಿ.

ಈಗ ಸಂವಿಧಾನದ 16(2) ತಗೀರಿ. ಸರ್ಕಾರಿ ನೌಕರಿ, ಹುದ್ದೆ ವಿಷಯದಾಗ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸದ ಜಾಗಾ ನೋಡಿ ಭೇದ ಮಾಡೂಹಂಗಿಲ್ಲ. ಈ ಪಟ್ಟಿ ಒಳಗ 'ವಂಶ' ಅಂತ ಒಂದು ಪದ ಐತಿ ನೋಡ್ರಿ, ಅದು 15ನೇ ವಿಧಿ ಪಟ್ಟಿ ಒಳಗ ಇಲ್ಲ. 16ರಾಗ ಅಷ್ಟ. ಆ ಒಂದ ಪದ ವತನದ ಬುಡಕ್ಕ ಹಾಕಿದ ಕೊಡಲಿ.

ಏಟು ಬಿದ್ದಿದ್ದು ಆಂಧ್ರದ ಒಂದು ಕೇಸಿನಾಗ. ಗಝುಲ ದಶರಥ ರಾಮರಾವ್ ಅನ್ನೋರದು, ಸುಪ್ರೀಂ ಕೋರ್ಟ್, 1960ರ ಡಿಸೆಂಬರ್. ಮದ್ರಾಸಿನ 1895ರ ವಂಶಪಾರಂಪರ್ಯ ಗ್ರಾಮ ಹುದ್ದೆ ಕಾಯ್ದೆ ಪ್ರಕಾರ ಹಳೇ ಮನೆತನದವರಿಗೇ ಊರ ಮುನ್ಸೀಫಕಿ (ನಮ್ಮ ಗೌಡಕಿಯಂಥ ಹುದ್ದೆ) ಕೊಡಬೇಕು ಅಂತ ಇತ್ತು. ಕೋರ್ಟ್ ಏನಂತು? ಗ್ರಾಮದ ಹುದ್ದೆನೂ ಸರ್ಕಾರದ ಹುದ್ದೆನ. ವಂಶ ನೋಡಿ ಕೊಡೋದು 16(2)ಕ್ಕ ವಿರುದ್ಧ. ಆ ಕಲಮು ನಡೆಯಂಗಿಲ್ಲ.

ನಮ್ಮ ಕಡೆ ಎರಡು ಹಂತದಾಗ ಹೋತು. ಮುಂಬೈ ಸರ್ಕಾರ 1950ರ ಕಾಯ್ದೆಯಿಂದ ಪರಗಣಾ (ಹಲವು ಹಳ್ಳಿ ಮ್ಯಾಲಿನ ದೇಸಗತಿಯಂಥವು) ಮತ್ತು ಕುಲಕರ್ಣಿ ವತನ ತಗೀತು. ಉಳಿದ ಗೌಡಕಿ, ತಳವಾರಕಿ ಎಲ್ಲಾ ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಗೆ ಹೋದುವು. ಅದು ಜಾರಿ ಆಗಿದ್ದು 1963ರ ಫೆಬ್ರವರಿ 1ಕ್ಕ. ಆಮ್ಯಾಲ ತಲಾಠಿ, ಅಂದ್ರ ಗ್ರಾಮ ಲೆಕ್ಕಿಗ ಬಂದ. ಅರ್ಜಿ ಹಾಕಿ, ಪಾಸಾಗಿ ಬಂದಾಂವ, ವರ್ಗ ಆಗಿ ಹೋಗಾಂವ.

ತಪ್ಪಿದ್ದು ಎಲ್ಲಿ ಅದನ್ನೂ ಹೇಳ್ರಿ. ಹುದ್ದೆ ಹೋದ್ರೂ ವತನ ಭೂಮಿ ಹಳೇ ಹಿಡುವಳಿದಾರರಿಗೇ ಮರುಮಂಜೂರಿ ಆತು. ದೊಡ್ಡ ವತನದಾರರಿಗೆ ಅದು ಉಳೀತು. ಕೆಳಗಿನ ಚಾಕರಿಯವರು ಸಾಲಕ್ಕ, ಮದಿವಿಗೆ ಮಾರಿಕೊಂಡ್ರು. 1978ರಾಗ ತಿದ್ದುಪಡಿ ತಂದು, ಮರುಮಂಜೂರಾದ ಭೂಮಿ 15 ವರ್ಷ ಪರಭಾರೆ, ಅಂದ್ರ ಬ್ಯಾರೆಯವರ ಹೆಸರಿಗೆ, ಮಾಡೂಹಂಗಿಲ್ಲ ಅಂದ್ರು. ಅಷ್ಟೊತ್ತಿಗೆ ಭಾಳ ಎಕರೆ ಕೈಬಿಟ್ಟಿದ್ದುವು. ಇವತ್ತಿಗೂ ಕೋರ್ಟಿನಾಗ ಆ ಕಟ್ಲೆ ಅದಾವ.

---

ಜಮಖಂಡಿ_ಸಮಾಜವಿಜ್ಞಾನ:

ವತನದ ಉದಾಹರಣೆ ಹುಡುಗರಿಗೆ ನಾಟತೈತ್ರಿ. ಆದ್ರ ನಮ್ಮೂರು ಸಂಸ್ಥಾನದ್ದು. ವತನ ಹೋತು ಸರಿ, ರಾಜರು? 1950ರಾಗ ಗಣರಾಜ್ಯ ಆತು ಅಂದ್ರ ರಾಜಧನ (ಹಳೇ ಅರಸರಿಗೆ ಸರ್ಕಾರ ಕೊಡ್ತಿದ್ದ ವರ್ಷಾಸನ) ಹೆಂಗ ಉಳೀತು ಅಂತ ಕಳೆದ ವರ್ಷನ ಒಬ್ಬ ಕೇಳ್ಯಾನ.

---

ಗುಮ್ಮಟದ_ನೆರಳು, ವಿಜಯಪುರ:

ಆ ಹುಡುಗನಿಗೆ ಪೂರ್ತಿ ಅಂಕ ಕೊಡಿ. ಅದು ನಿಜವಾದ ವಿರೋಧಾಭಾಸವೇ.

ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು, ರಾಮದುರ್ಗದ ಭಾವೆಯವರು, ಈ ಮೂರೂ ಸಂಸ್ಥಾನಗಳು 1948ರ ಮಾರ್ಚ್ 8ರಂದು ಮುಂಬೈ ಪ್ರಾಂತದಲ್ಲಿ ವಿಲೀನವಾದವು. ವಿಲೀನದ ಒಪ್ಪಂದದಲ್ಲೇ ರಾಜಧನದ ಮಾತು ಇತ್ತು. ಸಂವಿಧಾನ 291ನೇ ವಿಧಿಯಲ್ಲಿ ಅದನ್ನು ತೆರಿಗೆ ಇಲ್ಲದ ಹಣವಾಗಿ ಖಾತ್ರಿ ಮಾಡಿತು, 362ರಲ್ಲಿ ಅರಸರ ವೈಯಕ್ತಿಕ ಸವಲತ್ತುಗಳನ್ನು ಗೌರವಿಸುವುದಾಗಿ ಹೇಳಿತು. ಅದೇ ಪುಸ್ತಕದ 18ನೇ ವಿಧಿ ಮಾತ್ರ ಸೈನ್ಯದ ಮತ್ತು ವಿದ್ವತ್ತಿನ ಪದವಿಗಳನ್ನು ಬಿಟ್ಟು ಸರ್ಕಾರ ಬೇರೆ ಯಾವ ಬಿರುದನ್ನೂ ಕೊಡುವ ಹಾಗಿಲ್ಲ ಎನ್ನುತ್ತದೆ! ಅಧಿಕಾರ ಇಲ್ಲದ ವಂಶಕ್ಕೆ ಖಜಾನೆಯಿಂದ ಹಣ. ಇದು ತತ್ವ ಅಲ್ಲ, ಚೌಕಾಶಿ. ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಬಹುಪಾಲು ಸಹಿಯಲ್ಲೇ ಮುಗಿಸಲು ತೆತ್ತ ಬೆಲೆ.

1970ರಲ್ಲಿ ರಾಷ್ಟ್ರಪತಿಯ ಆದೇಶದಿಂದ ಅರಸರ ಮಾನ್ಯತೆ ತೆಗೆದರು. ಸುಪ್ರೀಂ ಕೋರ್ಟ್ ಡಿಸೆಂಬರ್‌ನಲ್ಲಿ ಅದನ್ನು ರದ್ದು ಮಾಡಿತು. ಮರುವರ್ಷ 26ನೇ ತಿದ್ದುಪಡಿ 291 ಮತ್ತು 362ನ್ನು ತೆಗೆದುಹಾಕಿ, ಅರಸರ ಮಾನ್ಯತೆಯನ್ನೂ ರಾಜಧನವನ್ನೂ ಕೊನೆಗೊಳಿಸುವ 363ಎ ಸೇರಿಸಿತು. ಒಟ್ಟಿನಲ್ಲಿ ಗಣರಾಜ್ಯ ಎಂಬುದು 1950ರ ಒಂದು ಬೆಳಗ್ಗೆ ಮುಗಿದ ಕೆಲಸ ಅಲ್ಲ. ಚಾವಡಿಗೆ ಬರಲು 1963, ಅರಮನೆಗೆ ಬರಲು 1971.

ಒಂದು ಸ್ಥಳೀಯ ಹೆಮ್ಮೆಯನ್ನೂ ಸೇರಿಸಿ. ಜಮಖಂಡಿ ಸಂಸ್ಥಾನದ ಕೊನೆಯ ದಿನಗಳಲ್ಲಿ ಜನರ ಸರ್ಕಾರ ನಡೆಸಿದವರು ಸಾವಳಗಿಯ ಬಿ.ಡಿ. ಜತ್ತಿ. ಅದೇ ಜತ್ತಿಯವರು 1977ರ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿ. ಮೇಲಿನ ಕುರ್ಚಿ ವಂಶದ್ದಲ್ಲ ಎಂದು ಹೇಳಲು ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೇ?

---

ಕ್ಯಾಂಪ್_ವಾಚನಾಲಯ, ಬೆಳಗಾವಿ:

ಎರವಲು ಪಟ್ಟಿಯ ಬಗ್ಗೆ. ಆ ಪಟ್ಟಿ ಸುಳ್ಳಲ್ಲ, ಆದರೆ ದಾರಿ ತಪ್ಪಿಸುತ್ತದೆ. ಕಾರಣಗಳು:

ಮೊದಲನೆಯದು, ಅದು ದೊಡ್ಡ ಮೂಲವನ್ನೇ ಸಣ್ಣದು ಮಾಡುತ್ತದೆ. ಆಡಳಿತದ ಯಂತ್ರ, ರಾಜ್ಯಪಾಲ, ವಿಷಯಗಳ ಪಟ್ಟಿಗಳು, ತುರ್ತು ಅಧಿಕಾರ, ಇವುಗಳ ಬಹುಭಾಗ ಬಂದದ್ದು 1935ರ ಭಾರತ ಸರ್ಕಾರ ಕಾಯ್ದೆಯಿಂದ. 1948ರ ನವೆಂಬರ್ 4ರಂದು ಕರಡು ಮಂಡಿಸುವಾಗ ಅಂಬೇಡ್ಕರ್ ಇದನ್ನು ಮುಚ್ಚಿಡಲಿಲ್ಲ. ಸಂವಿಧಾನದ ಮೂಲ ವಿಚಾರಗಳಿಗೆ ಯಾರೂ ಪೇಟೆಂಟ್ ಇಟ್ಟುಕೊಂಡಿಲ್ಲ, ತಂದದ್ದಕ್ಕೆ ನಾಚಿಕೆ ಇಲ್ಲ ಎಂಬ ಅರ್ಥದಲ್ಲೇ ಮಾತಾಡಿದರು. ಆಡಳಿತದ ವಿವರಗಳನ್ನೆಲ್ಲ ಸಂವಿಧಾನದಲ್ಲೇ ಯಾಕೆ ತುಂಬಿದಿರಿ ಎಂಬ ಆಕ್ಷೇಪಕ್ಕೂ ಅಲ್ಲೇ ಉತ್ತರ ಇದೆ: ಸಾಂವಿಧಾನಿಕ ನೈತಿಕತೆ, ಅಂದರೆ ಸಂವಿಧಾನದ ಕಟ್ಟುಪಾಡಿಗೆ ಮನಸಾರೆ ನಡೆಯುವ ರೂಢಿ, ಇನ್ನೂ ಬೇರೂರದ ಕಡೆ, ಸಂವಿಧಾನದ ಅಕ್ಷರ ಮುಟ್ಟದೆಯೇ ಆಡಳಿತದ ರೂಪ ಕೆಡಿಸಿ ಅದನ್ನು ಹಾಳು ಮಾಡಬಹುದು.

ಎರಡನೆಯದು, ತಂದದ್ದನ್ನು ಹಾಗೇ ಇಟ್ಟಿಲ್ಲ. ಇದಕ್ಕೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿ ಒಳ್ಳೆಯ ಪಾಠ. ಸಂವಿಧಾನ ಸಲಹೆಗಾರರಾಗಿದ್ದ ಮಂಗಳೂರು ಕಡೆಯ ಬೆನಗಲ್ ನರಸಿಂಗರಾಯರು 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಬಂದರು. ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರೊಡನೆ ಮಾತಾಡಿದ ಮೇಲೆ 'ಡ್ಯೂ ಪ್ರೋಸೆಸ್' (ಕಾನೂನೇ ನ್ಯಾಯಯುತವೇ ಎಂದು ಕೋರ್ಟ್ ಅಳೆಯಲು ಅವಕಾಶ ಕೊಡುವ ಪದ) ಬೇಡ ಎಂಬ ಅಭಿಪ್ರಾಯ ಗಟ್ಟಿಯಾಯಿತು. ಅಮೆರಿಕದಲ್ಲಿ ಅದೇ ಪದ ಹಿಡಿದು ನ್ಯಾಯಾಧೀಶರು ಕಾರ್ಮಿಕ ಕಾನೂನುಗಳನ್ನು ಹೊಡೆದುಹಾಕಿದ್ದರು. ಇಲ್ಲಿ ಭೂಸುಧಾರಣೆಗೂ ಅದೇ ಗತಿ ಆದೀತು ಎಂಬ ಭಯ. ಕೊನೆಗೆ ಜಪಾನಿನ ಮಾದರಿಯ 'ಕಾನೂನು ನಿಗದಿಪಡಿಸಿದ ಕಾರ್ಯವಿಧಾನ' ಬಂತು. ಇದರ ದೋಷ ಏನು? ಶಾಸಕಾಂಗ ಯಾವ ಕಾನೂನು ಮಾಡಿದರೂ ಅದೇ 'ಕಾರ್ಯವಿಧಾನ' ಆಗಿಬಿಡುತ್ತದೆ. ಸಭೆಯಲ್ಲಿ ಭಾರೀ ಆಕ್ಷೇಪ. ಪರಿಹಾರವಾಗಿ 1949ರ ಸೆಪ್ಟೆಂಬರ್‌ನಲ್ಲಿ ಬಂಧಿತರ ರಕ್ಷಣೆಯ ವಿಧಿ ತಂದರು; ಈಗಿನ 22. ಅದೂ ಸಾಲದೆ 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಕೋರ್ಟ್, ಕಾರ್ಯವಿಧಾನ ಎಂದರೆ ನ್ಯಾಯಯುತವಾದದ್ದೇ ಆಗಬೇಕು ಎಂದು ಓದಿತು. ಒಂದು ವಿಧಿಯ ಹಿಂದೆ ಮೂರು ದೇಶ, ಮೂವತ್ತು ವರ್ಷ.

ಮೂರನೆಯದೇ ನಿಮ್ಮ ವಿದ್ಯಾರ್ಥಿಯ 'ನಮ್ದು ಏನೈತ್ರಿ'ಗೆ ಉತ್ತರ. ಅಮೆರಿಕದವರು ಹೆದರಿದ್ದು ಸರ್ಕಾರಕ್ಕೆ. ಹಾಗಾಗಿ ಅವರ ಹಕ್ಕುಗಳ ಪಟ್ಟಿ ಸರ್ಕಾರದ ಕೈ ಕಟ್ಟುತ್ತದೆ. ನಮ್ಮವರಿಗೆ ಸರ್ಕಾರದ ಭಯವೂ ಇತ್ತು, ನೆರೆಯವನ ಭಯವೂ ಇತ್ತು. 15(2) ಓದಿ: ಅಂಗಡಿ, ಹೋಟೆಲ್, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಇದು ಊರಿನ ನಕಾಶೆಯಂತಿದೆ! ಸರ್ಕಾರದ ಹಣದಲ್ಲಿ ನಡೆಯುವ ಅಥವಾ ಸಾರ್ವಜನಿಕರಿಗೆ ಬಿಟ್ಟ ಬಾವಿ-ಕೆರೆಗೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ. ಸರ್ಕಾರ ಮಾತ್ರವಲ್ಲ, ಯಾರೂ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿ ಆಚರಣೆಯನ್ನು ಅಪರಾಧ ಮಾಡಿತು, 23 ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. ಘಟಪ್ರಭಾ ಅವರು ಹೇಳಿದ ವಾಲೀಕಾರಕಿಗೆ ತಗಲುವುದು ಈ 23. ಯಾವ ದೇಶದ ಎರವಲೂ ಅಲ್ಲದ ಭಾಗ ಇದು.

ಮತದಾನವೂ ಹಾಗೆ. ಅಮೆರಿಕದಲ್ಲಿ ಗಣರಾಜ್ಯ 1789ಕ್ಕೆ ನಡೆದರೆ ಹೆಂಗಸರ ಮತ ದೇಶಾದ್ಯಂತ ಖಾತ್ರಿಯಾದದ್ದು 1920ಕ್ಕೆ. ಗುಲಾಮರನ್ನು ಪ್ರತಿನಿಧಿ ಸ್ಥಾನಗಳ ಲೆಕ್ಕಕ್ಕೆ ಐದರಲ್ಲಿ ಮೂರು ಪಾಲು ಎಂದು ಹಿಡಿದರು, ಮತ ಮಾತ್ರ ಇಲ್ಲ. ಇಲ್ಲಿ 326ನೇ ವಿಧಿ 21 ತುಂಬಿದ ಎಲ್ಲರಿಗೂ ಒಂದೇ ಏಟಿಗೆ ಮತ ಕೊಟ್ಟಿತು. ಓದಲು ಬರುವವರು ನೂರಕ್ಕೆ 18 ಜನ ಇದ್ದ ದೇಶದಲ್ಲಿ! ಮೊದಲ ಚುನಾವಣೆಯ ಪಟ್ಟಿಯಲ್ಲಿ ಸುಮಾರು 17.3 ಕೋಟಿ ಹೆಸರು. ಎಡವಿದ್ದು ಎಲ್ಲಿ ಎಂದರೆ, ಅನೇಕ ಹೆಂಗಸರು ತಮ್ಮ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ಮಗಳು' ಎಂದು ಬರೆಸಿದ್ದರು; ಅಂಥ ಸುಮಾರು 28 ಲಕ್ಷ ಹೆಸರು ಪಟ್ಟಿಯಿಂದ ಬಿದ್ದುಹೋದವು. ಆ ಚುನಾವಣೆಯಲ್ಲಿ ನಮ್ಮ ಕಡೆಯವರು ಮುಂಬೈ ರಾಜ್ಯದ ಮತದಾರರು: ಬೆಳಗಾವಿ ಉತ್ತರ, ಬೆಳಗಾವಿ ದಕ್ಷಿಣ, ವಿಜಾಪುರ ಉತ್ತರ, ವಿಜಾಪುರ ದಕ್ಷಿಣ ಎಂಬ ಲೋಕಸಭಾ ಕ್ಷೇತ್ರಗಳಿದ್ದವು.

---

ಮಲಪ್ರಭಾ_ಶಾಸನ:

ಅನುಭವ ಮಂಟಪದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನಾನು ಹಾಕುತ್ತೇನೆ, ಬೈಸಿಕೊಳ್ಳಲು ಸಿದ್ಧನಾಗಿ.

ಮೂರು ಸ್ಥಳೀಯ ಉದಾಹರಣೆಗಳನ್ನು ಪಕ್ಕಪಕ್ಕ ಇಡಿ. ಲಕ್ಷ್ಮೇಶ್ವರದಲ್ಲಿ 8ನೇ ಶತಮಾನದ ಬಾದಾಮಿ ಚಾಲುಕ್ಯರ ಶಾಸನ ಇದೆ. ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ (ಲಕ್ಷ್ಮೇಶ್ವರದ ಹಳೆಯ ಹೆಸರು) ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ (ಊರಿನ ವರ್ಗಗಳಿಗೆ) ಮಾಡಿಕೊಟ್ಟ 'ಆಚಾರವ್ಯವಸ್ಥೆ'. ಅರಸನ ಅಧಿಕಾರಿಗಳು ಏನನ್ನು ಪಾಲಿಸಬೇಕು, ಒಕ್ಕಲುಗಳು ಏನು ಕೊಡಬೇಕು ಎಂದು ಕಲ್ಲಿನ ಮೇಲೆ ಬರೆದಿದೆ. ಅಧಿಕಾರಕ್ಕೆ ಬರವಣಿಗೆಯ ಮಿತಿ ಎಂಬ ವಿಚಾರ ಇಲ್ಲಿ ಸ್ಪಷ್ಟ. ಎರಡನೆಯದು ಐಹೊಳೆಯ ಐನೂರ್ವರು, ತಮ್ಮದೇ ಧರ್ಮ, ಅಂದರೆ ತಮ್ಮದೇ ಕಟ್ಟಳೆ ಇದ್ದ ವರ್ತಕರ ಸಂಘ. ಮೂರನೆಯದು ಬಸವಣ್ಣನವರ ಸುತ್ತಲಿನ ಶರಣರ ಬಳಗ: ಹುಟ್ಟಿನಿಂದ ಮೇಲು-ಕೀಳಿಲ್ಲ, ಕಾಯಕಕ್ಕೆ ಘನತೆ, ಹೆಂಗಸರಿಗೂ ಮಾತು.

ಮೂರರಲ್ಲೂ ಗಣರಾಜ್ಯದ ಒಂದೊಂದು ಎಳೆ ಇದೆ. ಮೂರೂ ಗಣರಾಜ್ಯ ಅಲ್ಲ. ಮೊದಲನೆಯದರಲ್ಲಿ ಮಿತಿ ಇದೆ, ಆದರೆ ಅರಸ ಕೊಟ್ಟದ್ದು, ಅರಸ ಹಿಂಪಡೆಯಬಹುದು. ಎರಡನೆಯದರಲ್ಲಿ ಸ್ವಯಮಾಡಳಿತ ಇದೆ, ಸದಸ್ಯರಿಗೆ ಮಾತ್ರ. ಮೂರನೆಯದರಲ್ಲಿ ಸಮಾನತೆ ಇದೆ, ರಾಜ್ಯಾಧಿಕಾರ ಇಲ್ಲ: ತೆರಿಗೆ ಹಾಕುವ, ಕಾನೂನು ಮಾಡುವ, ಬಿಜ್ಜಳನನ್ನು ಇಳಿಸುವ ಹಕ್ಕು ಮಂಟಪಕ್ಕಿರಲಿಲ್ಲ, ಚುನಾವಣೆಯೂ ಇರಲಿಲ್ಲ. ಮಂಟಪದ ಕಲಾಪದ ವಿವರಗಳೂ ಹೆಚ್ಚಾಗಿ ನಂತರದ ಶತಮಾನಗಳ ಕೃತಿಗಳಿಂದ ಬಂದವು. 'ಸಂಸತ್ತು' ಎಂದರೆ ಅದಕ್ಕೆ ಇಲ್ಲದ್ದನ್ನು ಹೊರಿಸಿ, ಇದ್ದದ್ದನ್ನು ಮರೆಸಿದಂತೆ.

20ನೇ ಶತಮಾನದ ಒಂದನ್ನೂ ಸೇರಿಸಿ. ಔಂಧ ಸಂಸ್ಥಾನ ಸಾತಾರಾ ಕಡೆಯದು, ಆದರೆ ಅದರ ಚೂರುಚೂರು ಪ್ರದೇಶಗಳಲ್ಲಿ ಒಂದು ವಿಜಾಪುರ ಕಡೆಯ ನಮ್ಮ ಗುಣದಾಳ. ಅಲ್ಲಿನ ರಾಜ ಭವಾನರಾವ್ ಪಂತ ಪ್ರತಿನಿಧಿ 1939ರಲ್ಲಿ, ಗಾಂಧೀಜಿಯ ಸಲಹೆ ಮತ್ತು ಪೋಲೆಂಡ್ ಮೂಲದ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್ ನೆರವಿನಿಂದ, ಹಳ್ಳಿ ಪಂಚಾಯಿತಿಯಿಂದ ಮೇಲಕ್ಕೆ ಕಟ್ಟಿದ ಸ್ವರಾಜ್ಯ ಸಂವಿಧಾನ ಜಾರಿಗೆ ತಂದರು. ಹೆಚ್ಚು ಕಡಿಮೆ ಎಲ್ಲವೂ ಇತ್ತು. ಆದರೂ ರಾಜ 'ಕೊಟ್ಟ' ಸಂವಿಧಾನ ಅದು. 1949ರದ್ದರ ಕೊನೆಯ ಕ್ರಿಯಾಪದ ನೋಡಿ: ನಮಗೆ ನಾವೇ ಅರ್ಪಿಸಿಕೊಂಡದ್ದು. ಕೊಡುವವರೂ ಪಡೆಯುವವರೂ ಒಬ್ಬರೇ. 395ನೇ ವಿಧಿ ಇದನ್ನು ಕಾನೂನಿನಲ್ಲೇ ಮಾಡಿತು: ಯಾವ ಬ್ರಿಟಿಷ್ ಕಾಯ್ದೆಯ ಬಲದಿಂದ ಸಭೆ ಕೆಲಸ ಮಾಡುತ್ತಿತ್ತೋ ಆ 1947ರ ಸ್ವಾತಂತ್ರ್ಯ ಕಾಯ್ದೆಯನ್ನೇ ರದ್ದುಪಡಿಸಿತು. ಗವರ್ನರ್ ಜನರಲ್ ಅಂಕಿತಕ್ಕೂ ಸಂವಿಧಾನವನ್ನು ಕಳಿಸಲಿಲ್ಲ. ಬೇಕೆಂದೇ.

---

ಸಂಗಮದ_ಹೊಳಿ:

ಮಂಟಪಕ್ಕ ತೆರಿಗೆ ಅಧಿಕಾರ ಇರಲಿಲ್ಲ ಅಂದ್ರಿ. ಸಂವಿಧಾನ ಸಭೆನೂ ಜನ ನೇರ ಆರಿಸಿದ್ದಲ್ಲ. 1946ರಾಗ ಪ್ರಾಂತಗಳ ಶಾಸಕರು ಆರಿಸಿದ್ದು. ಆ ಶಾಸಕರನ್ನ ಆರಿಸಿದವರು ಆಸ್ತಿ, ತೆರಿಗೆ, ವಿದ್ಯೆ ಇದ್ದ ಸ್ವಲ್ಪ ಮಂದಿ. ಸಂಸ್ಥಾನದ ಸದಸ್ಯರೊಳಗ ಎಷ್ಟೋ ಮಂದಿ ನೇಮಕ ಆದವರು. ಅದಕ್ಕ 'ನಾವು ಜನ' ಅನ್ನೂ ಹಕ್ಕು ಐತಿ, ಮಂಟಪಕ್ಕ ಇಲ್ಲ ಅಂತೀರಿ. ಇದು ಯಾವ ನ್ಯಾಯ?

---

ಮಲಪ್ರಭಾ_ಶಾಸನ:

ಪೆಟ್ಟು ಸರಿಯಾಗೇ ಬಿತ್ತು, ಅಣ್ಣಾ. ಆ ಕೊರತೆ ನಿಜ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು. ನನ್ನ ಉತ್ತರ ಇಷ್ಟೇ: ಆ ಸಭೆ ತನ್ನನ್ನು ಆರಿಸಿದ ಕಿರಿದಾದ ಮತದಾರ ವರ್ಗವನ್ನೇ ಅಳಿಸಿ ಎಲ್ಲರಿಗೂ ಮತ ಬರೆಯಿತು, ಎರಡು ವರ್ಷದೊಳಗೆ ಆ ಎಲ್ಲರ ಮುಂದೆ ಚುನಾವಣೆಗೆ ಬಂದು ನಿಂತಿತು. ಹಕ್ಕು ಹಿಂದಿನಿಂದ ಬಂದದ್ದಲ್ಲ, ಮುಂದಿನಿಂದ ಬಂದದ್ದು. ಇದು ಸಾಲದು ಎನ್ನುವವರ ವಾದವೂ ಗಟ್ಟಿಯೇ.

ಅಂದಹಾಗೆ ಅಂಬೇಡ್ಕರ್ ಮೊದಲು ಬಂಗಾಳದಿಂದ ಆಯ್ಕೆಯಾಗಿದ್ದರು. ವಿಭಜನೆಯಿಂದ ಸ್ಥಾನ ಹೋದ ಮೇಲೆ 1947ರ ಜುಲೈನಲ್ಲಿ ಅವರನ್ನು ಮತ್ತೆ ಸಭೆಗೆ ಕಳಿಸಿದ್ದು ಮುಂಬೈ ಪ್ರಾಂತ. ಆಗ ಬೆಳಗಾವಿ, ವಿಜಾಪುರ ಅದೇ ಪ್ರಾಂತದ ಜಿಲ್ಲೆಗಳು.

---

ಘಟಪ್ರಭಾ_ಬಲದಂಡೆ:

ಟೀಚರ್, ಎರಡು ಪಿರಿಯಡ್‌ಗೆ ಇದೆಲ್ಲಾ ತುಂಬಾಕ ಹೋದ್ರ ಚೀಲ ಹರೀತೈತಿ. ಹಿಂಗ ಮಾಡ್ರಿ.

ಮೊದಲ ಪಿರಿಯಡ್: ಮೂರು ಪದ, ಮೂರು ಪ್ರಶ್ನೆ (10 ನಿಮಿಷ). ಡೊಮಿನಿಯನ್ ಕಥಿ (5 ನಿಮಿಷ). ಉಳಿದ 25 ನಿಮಿಷ ಆಟ. 52 ಮಂದೀನ 13ರ ನಾಲ್ಕು ಗುಂಪು ಮಾಡ್ರಿ. ಎಲ್ಲಾ ಗುಂಪಿಗೂ ಒಂದ ಚೀಟಿ: 'ಶಾಲೀಗೆ ಒಂದ ನಳ, ನೀರು ಬರೋದು ಒಂದ ತಾಸು. ಯಾರಿಗೆ ಮೊದಲು? ಬಹುಮತದಿಂದ ಠರಾವು ಬರೀರಿ.' ಜಾತಿ, ಓಣಿ ಹೆಸರು ಚೀಟಿ ಮ್ಯಾಲ ಹಾಕಬ್ಯಾಡ್ರಿ, ನೀಲಿ ಚೀಟಿ, ಹಳದಿ ಚೀಟಿ ಅಂತಷ್ಟ ಹಂಚ್ರಿ. ಒಂದೊಂದು ಗುಂಪಿಗೆ 9 ನೀಲಿ, 4 ಹಳದಿ. ಬಹಳ ಗುಂಪು 'ನೀಲಿಯವರಿಗೆ ಮೊದಲು' ಅಂತ ಬರೀತಾವ. ಆವಾಗ 14 (ಕಾನೂನಿನ ಮುಂದ ಎಲ್ಲಾರೂ ಸಮ) ಮತ್ತು 15(2) ಬರೆದ ಕಾರ್ಡು ಮೇಜಿನ ಮ್ಯಾಲ ಇಡ್ರಿ. ನಾಲ್ಕು ಮಂದಿ ಹಳದಿಯವರು ಎದ್ದು ಅದನ್ನ ಓದಬೇಕು, ನೀವಲ್ಲ. ಬಹುಮತ ಗೆದ್ರೂ ಮುಟ್ಟಬಾರದ್ದು ಒಂದು ಐತಿ ಅಂತ ಅವರ ಬಾಯಿಂದನ ಬರ್ತೈತಿ.

ಕೆಡೋದು ಎಲ್ಲಿ ಅಂದ್ರ, ಆಟ ಮುಗೀಗೊಡದ ಟೀಚರ್ ಮಧ್ಯ ಉತ್ತರ ಹೇಳೋದು. ಮತ್ತ ಖರೇ ಜಾತಿ ಮ್ಯಾಲ ಗುಂಪು ಬೀಳೋದು, ಅದಕ್ಕ ಚೀಟಿ ಕಲಸಿ ಹಂಚಬೇಕು.

ಎರಡನೇ ಪಿರಿಯಡ್ ವತನ, ಸಂಸ್ಥಾನ, ಗುಣದಾಳ. ನಕಾಶೆ ಮ್ಯಾಲ ಜಮಖಂಡಿ, ಮುಧೋಳ, ರಾಮದುರ್ಗ, ಗುಣದಾಳ ನಾಲ್ಕೂ ಬಣ್ಣ ಹಚ್ಚಿಸ್ರಿ. ಎರವಲು ಪಟ್ಟಿ ಕೇಳಿದ್ರ 21ನೇ ವಿಧಿ ಒಂದ ಹೇಳಿ ಬಿಡ್ರಿ.

---

ಕ್ಯಾಂಪ್_ವಾಚನಾಲಯ, ಬೆಳಗಾವಿ:

ಗೋಡೆಗೆ ಅಂಟಿಸುವ ಮೊದಲು ಈ ತಪ್ಪುಗಳನ್ನು ನೋಡಿಕೊಳ್ಳಿ, ಪ್ರತಿ ವರ್ಷ ಎಲ್ಲೋ ಒಂದು ಕಡೆ ಕಾಣಿಸುತ್ತವೆ.

'1949ರಲ್ಲಿ ಅಂಗೀಕರಿಸಿದ ಪ್ರಸ್ತಾವನೆ' ಎಂದು ಬರೆದು 'ಸಮಾಜವಾದಿ', 'ಜಾತ್ಯತೀತ' ಸೇರಿಸುತ್ತಾರೆ. ಆ ಪದಗಳೂ 'ಅಖಂಡತೆ'ಯೂ ಬಂದದ್ದು 1976ರ 42ನೇ ತಿದ್ದುಪಡಿಯಿಂದ. ಈಗಿನ ಪ್ರಸ್ತಾವನೆ ಹಾಕುವುದಾದರೆ 'ತಿದ್ದುಪಡಿಯಾದಂತೆ' ಎಂದು ಒಂದು ಸಾಲು ಸೇರಿಸಿ.

ಸಂವಿಧಾನ ಪೂರ್ತಿಯಾಗಿ ಜಾರಿಗೆ ಬಂದದ್ದು 1950ರ ಜನವರಿ 26ಕ್ಕೆ. 394ನೇ ವಿಧಿಯ ಪ್ರಕಾರ ಪೌರತ್ವದ 5ರಿಂದ 9, ಚುನಾವಣಾ ಆಯೋಗದ 324 ಸೇರಿ ಕೆಲವು ವಿಧಿಗಳು ಮಾತ್ರ 1949ರ ನವೆಂಬರ್ 26ರಂದೇ ಜಾರಿ. 'ನವೆಂಬರ್ 26ಕ್ಕೆ ಏನೂ ಜಾರಿಯಾಗಲಿಲ್ಲ' ಎಂಬುದು ತಪ್ಪು.

ಸದಸ್ಯರು ಸಹಿ ಹಾಕಿದ್ದು ನವೆಂಬರ್ 26ಕ್ಕಲ್ಲ, 1950ರ ಜನವರಿ 24ಕ್ಕೆ, 284 ಸಹಿ. ರಾಜೇಂದ್ರ ಪ್ರಸಾದ್ ರಾಷ್ಟ್ರಪತಿಯಾಗಿ ಅವಿರೋಧ ಆಯ್ಕೆಯಾದದ್ದೂ ಅದೇ ದಿನ. ಕರಡಿಗೆ ಕೊಟ್ಟ ತಿದ್ದುಪಡಿ ಸೂಚನೆ 7,635, ಸಭೆಯಲ್ಲಿ ಮಂಡನೆಯಾದವು 2,473. ಎರಡನ್ನೂ ಕಲಸಬೇಡಿ. ಮೂಲದಲ್ಲಿ 395 ವಿಧಿ, 8 ಅನುಸೂಚಿ. ಮತದಾನದ ವಯಸ್ಸು 18 ಆದದ್ದು 61ನೇ ತಿದ್ದುಪಡಿಯಿಂದ. ಮೊದಲ ಚುನಾವಣೆಯ ಚಿತ್ರದ ಕೆಳಗೆ 18 ಎಂದು ಬರೆಯಬೇಡಿ.

---

ಜಮಖಂಡಿ_ಸಮಾಜವಿಜ್ಞಾನ:

ಎಲ್ಲರಿಗೂ ಶರಣು. ನೀಲಿ-ಹಳದಿ ಚೀಟಿ ಹಿಡೀತೀನಿ, 36 ನೀಲಿ, 16 ಹಳದಿ. ಗೋಡೆ ಮ್ಯಾಲ 'ತಿದ್ದುಪಡಿಯಾದಂತೆ' ಇರಲಿಲ್ಲ, ಇವತ್ತ ಬರಸ್ತೀನಿ. ಗುಣದಾಳದ ಗಡಿ ತೋರಿಸೋ ಹಳೇ ವಿಜಾಪುರ ಜಿಲ್ಲಾ ನಕಾಶೆ ಯಾರ ಹತ್ರ ಇದ್ರ ಫೋಟೋ ಹಾಕ್ರಿ.